ಟೀವಿಗೆ ಎದುರುತ್ತರ ಕೊಡುವ ಮನೆಗಳು

ವಾರದ ದಿನಗಳ ಸಂಜೆಗೆ ಒಂದೇ ಒಂದು ಕಾರ್ಯಕ್ರಮ ಆರಿಸಿಕೊಳ್ಳಿ ಎಂದರೆ ನಾನು ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯನ್ನೇ ಆರಿಸುತ್ತೇನೆ. 2002ರ ಜನವರಿಯಲ್ಲಿ ಶುರುವಾದ ಈ ಕ್ವಿಜ್ ಸಾವಿರಾರು ಸಂಚಿಕೆಗಳನ್ನು ದಾಟಿ ಬಂದಿದೆ. ನಡೆಸಿಕೊಡುವ ಡಾ. ನಾ. ಸೋಮೇಶ್ವರ ವೈದ್ಯರು, ಆರೋಗ್ಯ ಮತ್ತು ವಿಜ್ಞಾನದ ಬಗ್ಗೆ ಕನ್ನಡದಲ್ಲಿ ಬರೆಯುತ್ತಾ ಬಂದವರು. ಮೂವರು ಸ್ಪರ್ಧಿಗಳು, ಸಾದಾ ಸೆಟ್, ಬಹುಮಾನವಾಗಿ ಪುಸ್ತಕ. ಕೋಟಿಯ ಆಮಿಷವಿಲ್ಲ, ಉತ್ತರಕ್ಕೆ ಮುಂಚೆ ಎದೆ ಬಡಿತ ಏರಿಸುವ ಸಂಗೀತವಿಲ್ಲ. ಪುಸ್ತಕ ಗೆದ್ದವರ ಮುಖದಲ್ಲಿ ಕಾಣುವ ಸಂತೋಷ ಮಾತ್ರ ಅಪ್ಪಟವಾದದ್ದು.

ಈ ಕಾರ್ಯಕ್ರಮದ ಅರ್ಧ ನಡೆಯುವುದು ನೋಡುವವರ ಮನೆಯಲ್ಲಿ. ಗಾದೆಯೊಂದರ ಮೊದಲರ್ಧ ಕಿವಿಗೆ ಬಿದ್ದರೆ ಸಾಕು, ಹುರುಳಿಕಾಯಿ ನಾರು ತೆಗೆಯುತ್ತ ಕೂತ ಅಮ್ಮ ತಲೆ ಎತ್ತದೆಯೇ ಉಳಿದರ್ಧ ಹೇಳಿ ಮುಗಿಸುತ್ತಾಳೆ. ಪುರಾಣದ ಪ್ರಶ್ನೆ ಅಜ್ಜಿಯದು, ಹಳೇ ಸಿನಿಮಾ ಅಪ್ಪನದು. ಕ್ರಿಕೆಟ್ ಬಂದರೆ ಹೈಸ್ಕೂಲ್ ಹುಡುಗನಿಗೆ ಮೇಲುಗೈ. ‘ಅಯ್ಯೋ, ಇಷ್ಟೂ ಗೊತ್ತಿಲ್ವಾ’ ಎಂದು ಸ್ಪರ್ಧಿಯನ್ನು ಗದರಿಸುವವರೂ ಉಂಟು. ಸರಿಯುತ್ತರ ಸಿಕ್ಕ ಮೇಲೆ ಸೋಮೇಶ್ವರರು ಅದರ ಹಿನ್ನೆಲೆಯ ಬಗ್ಗೆ ಎರಡು ಮಾತು ಸೇರಿಸುತ್ತಾರಲ್ಲ, ಆಗ ಮಾತ್ರ ಎಲ್ಲರೂ ಬಾಯಿ ಮುಚ್ಚಿ ಕೇಳುತ್ತಾರೆ.

ಮನೆಮಂದಿಯ ಬಾಯಿ ಬಿಡಿಸುವ ಕಾರ್ಯಕ್ರಮವೇ ಕೆಲಸದ ದಿನದ ಸಂಜೆಗೆ ಹೇಳಿ ಮಾಡಿಸಿದ್ದು ಎನ್ನುವುದು ನನ್ನ ನಂಬಿಕೆ. ಹಗಲಿಡೀ ಒಬ್ಬೊಬ್ಬರು ಒಂದೊಂದು ದಿಕ್ಕು. ಎಲ್ಲರಿಗೂ ಸೇರಿದ ಒಂದು ವಿಷಯ ಅಂತ ಸಿಗುವುದೇ ಆಗ.

ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳು ಈ ಕೆಲಸವನ್ನು ಇನ್ನೊಂದು ಬಗೆಯಲ್ಲಿ ಮಾಡಿದವು. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ವನ್ನು ಅವರು ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಜೊತೆಗೂಡಿ ನಿರ್ದೇಶಿಸಿದರು. ಆಮೇಲೆ ಈಟಿವಿ ಕನ್ನಡದಲ್ಲಿ ‘ಮನ್ವಂತರ’, ‘ಮುಕ್ತ’. ವಕೀಲ ಸಿ.ಎಸ್.ಪಿ.ಯಾಗಿ ಅವರೇ ಕೋರ್ಟಿಗಿಳಿದರೆ ಪಾಟೀಸವಾಲು ದಿನಗಟ್ಟಲೆ ಸಾಗುತ್ತಿತ್ತು. ಸಾಕ್ಷಿ ಹೇಳಿದ ಒಂದು ಮಾತನ್ನು ಹಿಡಿದು, ಸಾವಧಾನವಾಗಿ ಎಳೆದು, ಗಂಟು ಬಿಚ್ಚುವಷ್ಟರಲ್ಲಿ ಅಂದಿನ ಕಂತು ಮುಗಿಯುತ್ತಿತ್ತು. ಸಾಕ್ಷಿ ನಿಜ ಹೇಳುತ್ತಾನೋ ಸುಳ್ಳು ಹೇಳುತ್ತಾನೋ ಎಂಬ ವಾದ ಊಟದ ತಟ್ಟೆಯ ಮುಂದೆ ಶುರುವಾಗಿ ಮರುದಿನದ ಬಸ್ಸಿನವರೆಗೂ ಹೋಗುತ್ತಿತ್ತು. ನ್ಯಾಯ, ಭ್ರಷ್ಟಾಚಾರ, ಹೆಣ್ಣುಮಕ್ಕಳ ಆಯ್ಕೆ ಇಂಥವನ್ನೆಲ್ಲ ಮಧ್ಯಮ ವರ್ಗದ ಮನೆಯೊಳಗೇ ತಂದು ಮಾತಾಡಿಸಿದ ಧೈರ್ಯ ಆ ಧಾರಾವಾಹಿಗಳದು.

ನಗಬೇಕೆಂದವರಿಗೆ ಅದೇ ವಾಹಿನಿಯಲ್ಲಿ ‘ಸಿಲ್ಲಿ ಲಲ್ಲಿ’, ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ ಇದ್ದವು. ಅವುಗಳ ಸಂಭಾಷಣೆಯನ್ನು ಮಕ್ಕಳು ಶಾಲೆಯಲ್ಲಿ ಒಪ್ಪಿಸುತ್ತಿದ್ದರು.

ಇಂದಿನ ಧಾರಾವಾಹಿಗಳ ಬಗ್ಗೆ ದೂರುವವರು ಬಹಳ. ಪಾತ್ರಗಳು ಮನಸ್ಸಿನಲ್ಲಿರುವುದನ್ನೆಲ್ಲ ಗಟ್ಟಿಯಾಗಿ ಹೇಳಿಕೊಳ್ಳುತ್ತವೆ, ಒಂದೇ ಮುಖವನ್ನು ಮೂರು ಸಲ ತೋರಿಸುತ್ತಾರೆ, ಖಳನಾಯಕಿ ಬಂದಾಗಲೆಲ್ಲ ಅದೇ ಸಂಗೀತ. ಆದರೆ ಇವುಗಳನ್ನು ಅಡುಗೆಮನೆಯಲ್ಲಿ ನಿಂತು ಕೇಳಿ ನೋಡಿ. ಒಗ್ಗರಣೆ ಸಿಡಿಯುವಾಗ, ಕುಕ್ಕರ್ ಕೂಗುವಾಗ ಪರದೆ ಕಾಣುವುದಿಲ್ಲ. ಬಂದವರು ಯಾರೆಂದು ಸಂಗೀತ ಹೇಳುತ್ತದೆ, ಏನು ಸಂಚು ಎಂದು ಸ್ವಗತ ಹೇಳುತ್ತದೆ. ಕೈಗೆ ಕೆಲಸವಿರುವವರನ್ನು ನೆನಪಿಟ್ಟುಕೊಂಡ ಕಥನ ಕ್ರಮ ಇದು. ಇದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ.

2021ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯನ್ನು ನಾನು ನೋಡತೊಡಗಿದ್ದು ಉಮಾಶ್ರೀಗಾಗಿ. ಗಂಡ ಕೈಬಿಟ್ಟ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕ ಅವರು. ಎದುರಿಗೆ ಬಂಗಾರಮ್ಮನಾಗಿ ಮಂಜುಭಾಷಿಣಿ, ‘ಸಿಲ್ಲಿ ಲಲ್ಲಿ’ಯ ಲಲಿತಾಂಬನೇ! ಉಮಾಶ್ರೀಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ (2008). ವೈದೇಹಿ ಅವರ ಕಥೆಯಿಂದ ಹುಟ್ಟಿದ ಆ ಚಿತ್ರದಲ್ಲಿ ಕರಾವಳಿಯ ಸೂಲಗಿತ್ತಿ ಗುಲಾಬಿಯ ಮನೆಗೆ ಟೀವಿ ಬರುತ್ತದೆ. ಆವರೆಗೆ ಅವಳ ಹೊಸ್ತಿಲು ತುಳಿಯದಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಟೀವಿಯ ಮುಂದೆ ಹೆಂಗಸರು ಹೇಗೆ ಒಂದಾಗುತ್ತಾರೆ, ಆ ಒಗ್ಗಟ್ಟು ಎಷ್ಟು ನಾಜೂಕಾದದ್ದು ಎಂಬುದನ್ನು ಕನ್ನಡದಲ್ಲಿ ಅಷ್ಟು ಚೆನ್ನಾಗಿ ತೋರಿಸಿದ ಕೃತಿ ಬೇರೊಂದು ನನಗೆ ಗೊತ್ತಿಲ್ಲ. ಆ ಗುಲಾಬಿಯೇ ಪುಟ್ಟಕ್ಕನಾಗಿ ನಾಡಿನ ಸಾವಿರಾರು ನಡುಮನೆಗಳಿಗೆ ಬಂದಳು.

ಈಗ ಫೋನಿನ ಆ್ಯಪ್‌ನಲ್ಲಿ ಯಾವ ಸಂಚಿಕೆ ಯಾವಾಗ ಬೇಕಾದರೂ ಸಿಗುತ್ತದೆ. ‘ಮಾಯಾಮೃಗ’ದ ಹಳೆಯ ಕಂತುಗಳು ಯೂಟ್ಯೂಬಿಗೂ ಬಂದಿವೆ. ನೋಡದವರು ಈ ಸೋಮವಾರದಿಂದಲೇ ಶುರು ಮಾಡಬಹುದು. ಆದರೆ ಒಬ್ಬರೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹತ್ತು ಕಂತು ಒಟ್ಟಿಗೆ ಮುಗಿಸಬೇಡಿ. ದೊಡ್ಡ ಟೀವಿಗೆ ಹಾಕಿ, ಎಲ್ಲರನ್ನೂ ಕರೆದು, ದಿನಕ್ಕೊಂದೇ ಕಂತು ನೋಡಿ. ಮುಂದೇನಾಗಬಹುದು ಎಂದು ಮನೆಯವರೆಲ್ಲ ಜಗಳವಾಡಲು ಮರುದಿನದ ಸಂಜೆಯವರೆಗೆ ಸಮಯವಿರುತ್ತದೆ.