ದೊಡ್ಡ ಕರುಳಿನ ವ್ರಣಶೋಥದಲ್ಲಿ ಸ್ಟೀರಾಯ್ಡ್ ಕೊಡುವ ಮಾರ್ಗಗಳು

ಅಲ್ಸರೇಟಿವ್ ಕೊಲೈಟಿಸ್ ಎಂಬ ಹೆಸರಿನ ವ್ಯಾಧಿಯಲ್ಲಿ ದೊಡ್ಡ ಕರುಳಿನ ಒಳಪೊರೆಯು ಉರಿಯೂತಕ್ಕೆ ಸಿಕ್ಕಿ, ಹುಣ್ಣಾಗಿ, ರಕ್ತವನ್ನು ಸ್ರವಿಸುವುದು. ಗುದನಾಳದಲ್ಲಿ ಮೊದಲಾಗುವ ಈ ಉರಿಯೂತವು ಎಡೆಬಿಡದೆ ಮೇಲಕ್ಕೆ ಹಬ್ಬುವುದು. ಎಷ್ಟು ದೂರ ಹಬ್ಬಿದೆಯೆಂಬುದು ಮಾತ್ರ ರೋಗಿಯಿಂದ ರೋಗಿಗೆ ಬೇರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಲ್ಲಿ ಮಲದೊಡನೆ ರಕ್ತ ಕಂಡರೆ ಜನರು ಮೊದಲು ಶಂಕಿಸುವುದು ಮೂಲವ್ಯಾಧಿಯನ್ನು, ಆ ಮೇಲೆ ಆಮಶಂಕೆಯನ್ನು. ನಿಜವಾದ ರೋಗವು ಗೊತ್ತಾದ ಮೇಲೆ ಸ್ಟೀರಾಯ್ಡನ್ನು ಯಾವ ದಾರಿಯಿಂದ ಕೊಡಬೇಕೆಂಬ ಪ್ರಶ್ನೆ ಏಳುವುದು. ಅದನ್ನೇ ಇಲ್ಲಿ ವಿಚಾರಿಸುತ್ತೇವೆ.

ಈ ಔಷಧದ ಬೆಲೆಯನ್ನು ಮೊದಲು ಖಚಿತಪಡಿಸಿದವರು ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್. ೧೯೫೫ರಲ್ಲಿ ಪ್ರಕಟವಾದ ಅವರ ಅಂತಿಮ ವರದಿಯಲ್ಲಿ ೨೧೦ ರೋಗಿಗಳ ಲೆಕ್ಕವಿದೆ. ಆರು ವಾರಗಳ ಕೊನೆಗೆ ಕಾರ್ಟಿಸೋನ್ ಪಡೆದವರಲ್ಲಿ ನೂರಕ್ಕೆ ಸುಮಾರು ೪೧ ಮಂದಿಗೆ ರೋಗ ಶಮನವಾಗಿತ್ತು. ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ ಸುಮಾರು ೧೬ ಮಂದಿಗೆ ಮಾತ್ರ.

ಬಾಯಿಯ ಮೂಲಕ ಕೊಡುವುದೇ ಎಲ್ಲಕ್ಕಿಂತ ಸುಲಭ. ಪ್ರಮಾಣದ ವಿಷಯದಲ್ಲಿ ೧೯೬೨ರ ಒಂದು ಹೋಲಿಕೆ ಇಂದಿಗೂ ಉಪಯುಕ್ತ: ದಿನಕ್ಕೆ ೨೦ ಮಿಲಿಗ್ರಾಂ ಪ್ರೆಡ್ನಿಸೋನಿಗಿಂತ ೪೦ ಮೇಲು, ಆದರೆ ೬೦ ಕೊಟ್ಟರೆ ಹೆಚ್ಚಿನ ಗುಣವಿಲ್ಲ, ಉಪದ್ರವ ಮಾತ್ರ ಹೆಚ್ಚು. ೪೦ ಮಿಲಿಗ್ರಾಂ ಪ್ರೆಡ್ನಿಸೊಲೋನನ್ನು ನಾಲ್ಕು ಪಾಲು ಮಾಡಿದರೂ ಬೆಳಗ್ಗೆ ಒಮ್ಮೆಗೇ ನುಂಗಿದರೂ ಫಲ ಒಂದೇ ಎಂದು ೧೯೭೮ರಲ್ಲಿ ಕಂಡುಬಂದಿತು. ಹೊತ್ತು ಹೊತ್ತಿಗೆ ಗುಳಿಗೆ ನೆನಪಿಡಲಾರದ ಕೂಲಿಕಾರನಿಗೆ ಇದು ಸಣ್ಣ ಅನುಕೂಲವಲ್ಲ. ಕರುಳಿನಲ್ಲಿ ಕೆಲಸ ಮಾಡಿ, ರಕ್ತಕ್ಕೆ ಸೇರಿದ ಬಹುಭಾಗ ಯಕೃತ್ತಿನಲ್ಲಿ ನಾಶವಾಗುವ ಬುಡೆಸೊನೈಡ್, ಸೌಮ್ಯ ಮತ್ತು ಮಧ್ಯಮ ರೋಗಕ್ಕೆ ಈಗ ಒದಗಿರುವ ಇನ್ನೊಂದು ಗುಳಿಗೆ.

ಉರಿಯೂತವು ಕೆಳಭಾಗದಲ್ಲಿಯೇ ನಿಂತಿದ್ದರೆ ಔಷಧವನ್ನು ಅಲ್ಲಿಗೇ ತಲಪಿಸುವುದು ನ್ಯಾಯ. ಗುದದಲ್ಲಿ ಇಡುವ ಬತ್ತಿಯು ಗುದನಾಳವನ್ನಷ್ಟೇ ಮುಟ್ಟುವುದು. ನೊರೆಯು ಅದಕ್ಕೂ ಮೇಲಿನ ಬಾಗಿನವರೆಗೆ. ದ್ರವದ ಎನಿಮಾ ಕರುಳಿನ ಎಡಭಾಗದ ಬಹುಪಾಲಿಗೆ. ರಾತ್ರಿ ಎಡಮಗ್ಗುಲಾಗಿ ಮಲಗಿ ತೆಗೆದುಕೊಂಡರೆ ದ್ರವ ಒಳಗೆ ನಿಲ್ಲುವುದು. ಆಯುರ್ವೇದದ ಬಸ್ತಿಯನ್ನು ಬಲ್ಲ ನಾಡಿನಲ್ಲಿ ಎನಿಮಾಕ್ಕೆ ಇಷ್ಟು ನಾಚಿಕೆ ಏಕೋ ನಾವರಿಯೆವು. ಆದರೆ ಈ ಸ್ಥಾನದಲ್ಲಿ ಮೆಸಲಮೀನ್ ಎನಿಮಾ ಸ್ಟೀರಾಯ್ಡಿಗಿಂತ ಮೇಲೆಂದು ತಿಳಿದಿರುವುದರಿಂದ, ಮೊದಲ ಮಣೆ ಅದಕ್ಕೇ ಸಲ್ಲಬೇಕು.

ತೀವ್ರ ರೋಗದ ಮಾತು ಬೇರೆ. ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ರಕ್ತಮಿಶ್ರಿತ ಭೇದಿ, ಜೊತೆಗೆ ಜ್ವರ, ನಿಮಿಷಕ್ಕೆ ೯೦ಕ್ಕೂ ಮೀರಿದ ನಾಡಿ ಅಥವಾ ರಕ್ತಹೀನತೆ ಇದ್ದರೆ ಗುಳಿಗೆಯನ್ನು ನಂಬಿ ಮನೆಯಲ್ಲಿರುವುದು ಅಪಾಯ. ಆಸ್ಪತ್ರೆಯಲ್ಲಿ ೧೦೦ ಮಿಲಿಗ್ರಾಂ ಹೈಡ್ರೊಕಾರ್ಟಿಸೋನನ್ನು ಆರು ಗಂಟೆಗೊಮ್ಮೆ ರಕ್ತನಾಳದ ಮೂಲಕ ಕೊಡುವರು. ಸ್ಟೀರಾಯ್ಡನ್ನು ಎಡೆಬಿಡದೆ ಹನಿಸುವುದಕ್ಕೂ ಒಮ್ಮೆಗೇ ಚುಚ್ಚುವುದಕ್ಕೂ ಫಲದಲ್ಲಿ ವ್ಯತ್ಯಾಸವಿಲ್ಲವೆಂದು ೨೦೦೭ರ ಇಟಲಿಯ ಪರೀಕ್ಷೆ ತೋರಿಸಿತು. ನಿರ್ಣಾಯಕವಾದುದು ಹನಿಯ ವೇಗವಲ್ಲ, ಮೂರನೆಯ ದಿನ. ಆಗಲೂ ದಿನಕ್ಕೆ ಎಂಟಕ್ಕಿಂತ ಹೆಚ್ಚು ಭೇದಿಯಾಗುತ್ತಿದ್ದವರಲ್ಲಿ ನೂರಕ್ಕೆ ೮೫ ಮಂದಿಗೆ ಅದೇ ಪ್ರವೇಶದಲ್ಲಿ ಕರುಳು ತೆಗೆಯಬೇಕಾಯಿತೆಂದು ೧೯೯೬ರಲ್ಲಿ ಆಕ್ಸ್‌ಫರ್ಡಿನಿಂದ ವರದಿಯಾಯಿತು. ಇಂದು ಸೈಕ್ಲೊಸ್ಪೊರಿನ್, ಇನ್‌ಫ್ಲಿಕ್ಸಿಮಾಬ್‌ಗಳು ಹಲವರ ಕರುಳನ್ನು ಉಳಿಸಬಲ್ಲವು. ಆದರೆ ಅವು ಸಕಾಲದಲ್ಲಿ ದೊರೆಯಬೇಕು. ಬಂಟ್ವಾಳದಿಂದ ಮಂಗಳೂರು ಸುಮಾರು ೨೫ ಕಿಲೋಮೀಟರು. ಬೆಳ್ತಂಗಡಿಯ ಘಟ್ಟದ ತಪ್ಪಲಿನ ಹಳ್ಳಿಗಳಿಂದ ಅದಕ್ಕಿಂತ ಬಹಳ ದೂರ. ಶಸ್ತ್ರವೈದ್ಯರಿಲ್ಲದ ಕಡೆ ಚುಚ್ಚುಮದ್ದು ಆರಂಭಿಸಿ, ಐದಾರು ದಿನ ಕಾದು ರೋಗಿಯನ್ನು ಕಳುಹಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು. ಕಳುಹಿಸುವ ನಿರ್ಧಾರ ಮೊದಲ ದಿನವೇ ಆಗಬೇಕು.

ಯಾವ ಮಾರ್ಗವನ್ನು ಹಿಡಿದರೂ ಮುನ್ನ ಮಲಪರೀಕ್ಷೆ ಅವಶ್ಯ. ಅಮೀಬಾದ ಆಮಶಂಕೆಗೆ ಸ್ಟೀರಾಯ್ಡ್ ಕೊಟ್ಟರೆ ಕರುಳು ತೂತಾಗಬಹುದು; ಬರಿಗಾಲಿನಿಂದ ಒಳಹೊಕ್ಕ ಸ್ಟ್ರಾಂಜಿಲಾಯ್ಡಿಸ್ ಹುಳುವು ದೇಹವನ್ನೆಲ್ಲ ವ್ಯಾಪಿಸಬಹುದು. ಅಡಗಿದ ಕ್ಷಯವನ್ನೂ ಮರೆಯಬಾರದು.

ರಕ್ತ ನಿಂತ ಮೇಲೂ ಹಳೆಯ ಚೀಟಿಯನ್ನೇ ಅಂಗಡಿಗೆ ತೋರಿಸಿ ಗುಳಿಗೆ ಕೊಳ್ಳುತ್ತಿರುವುದರಿಂದ ಲಾಭವಿಲ್ಲ. ಅಲ್ಪಪ್ರಮಾಣದ ಸ್ಟೀರಾಯ್ಡು ರೋಗದ ಮರುಕಳಿಕೆಯನ್ನು ತಡೆಯದೆಂಬುದು ೧೯೬೦ರ ದಶಕದಲ್ಲಿಯೇ ತಿಳಿದಿತ್ತು. ಮೂಳೆ ಸವೆಯುವುದು, ಸಕ್ಕರೆ ಏರುವುದು ಮಾತ್ರ ಮುಂದುವರಿಯುವುದು. ಹಾಗೆಂದು ಹಠಾತ್ತನೆ ಬಿಡುವುದೂ ಸಲ್ಲದು, ವಿಶ್ರಮಿಸಿದ ಅಡ್ರಿನಲ್ ಗ್ರಂಥಿಯು ಎಚ್ಚರಗೊಳ್ಳಲು ಕಾಲ ಬೇಕು. ವೈದ್ಯರ ಕಣ್ಣಳತೆಯಲ್ಲಿ ವಾರಕ್ಕೆ ೫ ಮಿಲಿಗ್ರಾಮಿನಂತೆ ಇಳಿಸುತ್ತ ಹೋದರೆ ೪೦ ಮಿಲಿಗ್ರಾಮಿನಿಂದ ಹೊರಟ ರೋಗಿ ಸುಮಾರು ಎರಡು ತಿಂಗಳಲ್ಲಿ ಔಷಧದಿಂದ ಮುಕ್ತನಾಗುವನು.