ಬಿಸಿಲು ಓರೆಯಾದರೆ ಬೆಳೆ ಬೇರೆ ಕಾಣುತ್ತೆ

ಹೋದ ವಾರ ಬೆಳಿಗ್ಗೆ 8 ಗಂಟೆಗೆ ಬೇವಿನ ಮರ ಹತ್ತಿ ನಮ್ಮ ಮೆಕ್ಕೆಜೋಳದ ಹೊಲ ನೋಡಿದೆ. ಎಲ್ಲಾ ಒಂದೇ ಹಸಿರು. "ಬೀಜ ಸರಿಯಾಗಿ ಹುಟ್ಟಿಲ್ಲ ಅಂತೀಯಲ್ಲಪ್ಪ, ಹೊಲ ತುಂಬಿದೆ" ಅಂದೆ. ಅಪ್ಪ ಮಾತಾಡಲಿಲ್ಲ. ಮಧ್ಯಾಹ್ನ ಮತ್ತೆ ಹತ್ತಿದಾಗ ಸಾಲುಗಳ ನಡುವೆ ಕೆಂಪು ಮಣ್ಣು ಎದ್ದು ಕಾಣುತ್ತಿತ್ತು. ಬೆಳಿಗ್ಗೆ ಅದು ಗಿಡಗಳ ನೆರಳಲ್ಲಿ ಅಡಗಿತ್ತು, ಅಷ್ಟೇ!

ಉಪಗ್ರಹಕ್ಕೂ ಇದೇ ತೊಂದರೆ. 2016ರಲ್ಲಿ ಇಸ್ರೋ ಹಾರಿಸಿದ ರಿಸೋರ್ಸ್‌ಸ್ಯಾಟ್-2ಎ ಇರುವುದು ಸುಮಾರು 817 ಕಿ.ಮೀ. ಎತ್ತರದಲ್ಲಿ. ಅದರ ಒಂದು ಕ್ಯಾಮೆರಾಗೆ ಸುಮಾರು 24 ಮೀಟರ್ ಉದ್ದ, ಅಷ್ಟೇ ಅಗಲದ ನೆಲ ಒಂದೇ ಚುಕ್ಕೆ. ಎಲೆ, ಮಣ್ಣು, ನೆರಳು ಎಲ್ಲಾ ಅದರಲ್ಲೇ ಬೆರೆತಿರುತ್ತವೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ಬರಿ ಮಣ್ಣಿನಲ್ಲಿ ಇವೆರಡರ ವ್ಯತ್ಯಾಸ ಕಡಿಮೆ. ಈ ವ್ಯತ್ಯಾಸ ನೋಡಿಯೇ ಬೆಳೆ ಎಷ್ಟಿದೆ ಅಂತ ಅಂದಾಜು ಮಾಡುತ್ತಾರೆ. ಮಣ್ಣು ನೆರಳಲ್ಲಿದ್ದರೆ ತೆಳು ಬೆಳೆಯೂ ದಟ್ಟವಾಗಿ ಕಂಡೀತು. ಬರದ ವರ್ಷ "ನಿಮ್ಮ ಕಡೆ ಬೆಳೆ ಚೆನ್ನಾಗಿದೆ" ಅಂದುಬಿಟ್ಟರೆ?

ಬಿಸಿಲಿನ ಓರೆ ದಿನಾ ಬದಲಾಗಬಾರದೆಂದು ಅದು ಯಾವಾಗಲೂ ಬೆಳಿಗ್ಗೆ ಸುಮಾರು 10:30ಕ್ಕೆ ಹಾದುಹೋಗುವಂತೆ ಮಾಡಿದ್ದಾರೆ. ಆದರೂ ಪೂರ್ತಿ ಸರಿಹೋಗಲ್ಲ. ವಿಜ್ಞಾನದ ಮೇಷ್ಟ್ರು ಲೆಕ್ಕ ಹಾಕಿಕೊಟ್ಟರು: ಬೆಂಗಳೂರಿನಲ್ಲಿ ಆ ಹೊತ್ತಿಗೆ 1 ಮೀಟರ್ ಗಿಡದ ನೆರಳು ಏಪ್ರಿಲ್ ಕೊನೆಗೆ ಸುಮಾರು 40 ಸೆಂ.ಮೀ., ಡಿಸೆಂಬರ್ ಕೊನೆಗೆ 90 ಸೆಂ.ಮೀ.ಗೂ ಹೆಚ್ಚು. ಸಾಲಿನ ದಿಕ್ಕೂ ಮುಖ್ಯ. ನಮ್ಮದು ಉತ್ತರ-ದಕ್ಷಿಣ, ಬೆಳಗಿನ ಬಿಸಿಲು ಅಡ್ಡ ಬೀಳುತ್ತೆ. ಪೂರ್ವ-ಪಶ್ಚಿಮ ಸಾಲಾದರೆ ಬಿಸಿಲು ಉದ್ದಕ್ಕೂ ನುಗ್ಗಿ ಮಣ್ಣು ಬೆಳಿಗ್ಗೆಯೇ ಕಾಣಬಹುದು. ಪಕ್ಕದ ಹೊಲ ಹಾಗೇ ಇದೆ. ಭಾನುವಾರ ಅಲ್ಲಿನ ಹುಣಸೆ ಮರ ಹತ್ತಬೇಕು.