ಬೋರ್ ಮಾಡಿದ ಹಳೆಯ ಎಂಜಿನ್ ಬ್ಲಾಕ್: ಕೊಳ್ಳುವ ಮುನ್ನ ರೈತರು ಪರಿಶೀಲಿಸಬೇಕಾದ ಅಂಶಗಳು

ನಾಟಿಯ ಹಂಗಾಮಿನಲ್ಲಿ ಟ್ರಾಕ್ಟರ್ ಅಥವಾ ಡೀಸೆಲ್ ಪಂಪ್‌ಸೆಟ್‌ನ ಎಂಜಿನ್ ಬ್ಲಾಕ್ ಒಡೆದರೆ ರೈತನಿಗೆ ಕಾಯುವಷ್ಟು ಕಾಲಾವಕಾಶ ಇರುವುದಿಲ್ಲ. ಹೊಸ ಬ್ಲಾಕ್ ದುಬಾರಿಯಾದ ಕಾರಣ ಬಳಸಿದ ಬ್ಲಾಕ್‌ನತ್ತ ಗಮನ ಹರಿಯುವುದು ಸಹಜ. ಹೆಬ್ಬಾಳ ಹಾಗೂ ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳಿಗೆ ಸಮೀಪವಿರುವ ಮೈಸೂರಿನ ಕುಂಬಾರಕೊಪ್ಪಲಿನ ಸುತ್ತಮುತ್ತ ವಾಸಿಸುವವರಿಗೆ ಲೇತ್ ಮತ್ತು ಬೋರಿಂಗ್ ಕೆಲಸ ಹೊಸದಲ್ಲ. ಇದೇ ನಗರದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಬೈಕುಗಳು ಇಂದಿಗೂ ಓಡುತ್ತಿರುವುದರಲ್ಲಿ ಈ ಕೆಲಸದ ಪಾಲೂ ಇದೆ. ಆದರೆ ಬೋರ್ ಮಾಡಿದ ಪ್ರತಿಯೊಂದು ಬ್ಲಾಕ್ ಕೊಳ್ಳಲು ಯೋಗ್ಯವಲ್ಲ.

ಬೋರ್ ಮಾಡುವುದೆಂದರೇನು?

ಪಿಸ್ಟನ್ ರಿಂಗ್‌ಗಳ ಉಜ್ಜುವಿಕೆಯಿಂದ ಸಿಲಿಂಡರ್ ಸವೆದು ಅಂಡಾಕಾರ ತಾಳುತ್ತದೆ. ಅದನ್ನು ಮತ್ತೆ ದುಂಡಗೆ ಕೊರೆದು ದೊಡ್ಡ ಅಳತೆಯ ಪಿಸ್ಟನ್ ಅಳವಡಿಸುವುದೇ ಬೋರಿಂಗ್. ಸಾಮಾನ್ಯವಾಗಿ 0.25, 0.50, 0.75 ಮತ್ತು 1.00 ಮಿ.ಮೀ. ಹೆಚ್ಚುವರಿ ಅಳತೆಗಳು ಬಳಕೆಯಲ್ಲಿವೆ. ಪಿಸ್ಟನ್ ತಲೆಯ ಮೇಲೆ 020 ಎಂದಿದ್ದರೆ ಅದು ಇಂಚಿನ ಸಾವಿರದ 20 ಭಾಗ, ಅಂದರೆ ಸುಮಾರು ಅರ್ಧ ಮಿ.ಮೀ.

ಬೋರ್ ದೊಡ್ಡದಾದರೆ ಶಕ್ತಿಯೂ ಹೆಚ್ಚುತ್ತದೆ ಎಂಬ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಪಂಪ್‌ಸೆಟ್‌ಗಳಲ್ಲಿ ಪರಿಚಿತವಾದ ಕಿರ್ಲೋಸ್ಕರ್ ಎವಿ-1 ಎಂಜಿನ್‌ನ ಬೋರ್ 80 ಮಿ.ಮೀ., ಸ್ಟ್ರೋಕ್ 110 ಮಿ.ಮೀ., ಸಾಮರ್ಥ್ಯ 553 ಸಿಸಿ. ಬೋರ್ 80.5 ಮಿ.ಮೀ. ಆದಾಗ ಸಾಮರ್ಥ್ಯ ಸುಮಾರು 560 ಸಿಸಿ ಆಗುತ್ತದೆ, ಹೆಚ್ಚಳ ಶೇ. 1.3 ಮಾತ್ರ. ಆದ್ದರಿಂದ ವಿಚಾರಿಸಬೇಕಾದದ್ದು ಶಕ್ತಿಯನ್ನಲ್ಲ, ಉಳಿದಿರುವ ಆಯುಷ್ಯವನ್ನು.

ಮೊದಲ ಪ್ರಶ್ನೆ: ಬೇರೆ ಬ್ಲಾಕ್ ನಿಜಕ್ಕೂ ಬೇಕೆ?

ತಮ್ಮ ಬ್ಲಾಕ್ ಕೇವಲ ಸವೆದಿದ್ದು ಬಿರುಕು ಬಿಡದಿದ್ದರೆ ಅದಕ್ಕೇ ಸ್ಲೀವ್ ಹಾಕಿಸಿ ಮೂಲ ಅಳತೆಗೆ ತರಲು ಸಾಧ್ಯವೇ ಎಂದು ವಿಚಾರಿಸಬೇಕು. ಲೈನರ್ ಬದಲಾಯಿಸಬಹುದಾದ ಎಂಜಿನ್‌ಗಳಲ್ಲಿ ಹೊಸ ಲೈನರ್ ಮತ್ತು ಪಿಸ್ಟನ್ ಸೆಟ್ ಸಾಕಾಗುತ್ತದೆ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್‌ನ ಗೋಡೆ ಒಡೆದಾಗ ಬೇರೆ ಬ್ಲಾಕ್ ಅಗತ್ಯವಾಗುತ್ತದೆ.

ಪರಿಶೀಲನೆಯ ಕ್ರಮ

1. ಬಿರುಕು: ತಲೆಬೋಲ್ಟ್ ರಂಧ್ರಗಳ ಸುತ್ತ, ಸಿಲಿಂಡರ್‌ಗಳ ನಡುವೆ ಮತ್ತು ನೀರಿನ ಕವಚದ ಹೊರಮೈಯಲ್ಲಿ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿನಲ್ಲಿ ಉಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಒಳಗಿನ ಬಿರುಕಿಗೆ ಒತ್ತಡ ಪರೀಕ್ಷೆಯೇ ಭರವಸೆಯ ದಾರಿ. ವೆಲ್ಡಿಂಗ್ ಗುರುತಿರುವ ಬ್ಲಾಕ್ ಬೇಡ.

2. ಬೋರ್ ಅಳತೆ: ಬೋರ್ ಗೇಜ್‌ನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಮಟ್ಟದಲ್ಲೂ ಉದ್ದ ಮತ್ತು ಅಡ್ಡ ದಿಕ್ಕಿನಲ್ಲಿ, ಹೀಗೆ ಪ್ರತಿ ಸಿಲಿಂಡರ್‌ಗೆ ಆರು ಅಳತೆ ತೆಗೆಸಬೇಕು. ಬೆರಳಿನಿಂದ ಮುಟ್ಟಿ ನೋಡಿದ ಅಂದಾಜು ಸಾಲದು.

3. ಮೇಲ್ಮೈ: ತಲೆ ಕೂರುವ ಮೇಲ್ಮೈಯ ಮೇಲೆ ಉಕ್ಕಿನ ನೇರಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ಸೊಟ್ಟನ್ನು ಪರೀಕ್ಷಿಸಬೇಕು. ಹಲವು ಬಾರಿ ಮೇಲ್ಮೈ ಕೆತ್ತಿದ ಬ್ಲಾಕ್‌ನಲ್ಲಿ ಪಿಸ್ಟನ್ ತಲೆಗೆ ತಾಗುವ ಅಪಾಯವಿದೆ.

4. ಮುಖ್ಯ ಬೇರಿಂಗ್ ಸಾಲು: ನೀಲಿಗಟ್ಟಿದ ಕಲೆ, ಶೆಲ್ ತಿರುಗಿದ ಗೀರು ಕಂಡರೆ ಎಂಜಿನ್ ಆಯಿಲ್ ಇಲ್ಲದೆ ಓಡಿದೆ ಎಂದರ್ಥ. ಬೇರಿಂಗ್ ಕ್ಯಾಪ್‌ಗಳು ಅದೇ ಬ್ಲಾಕ್‌ನವೇ ಆಗಿರಬೇಕು.

ಲೆಕ್ಕ ತಪ್ಪುವ ಜಾಗ

80 ಮಿ.ಮೀ. ಬೋರ್‌ನ ಬ್ಲಾಕ್ ಈಗಾಗಲೇ 0.50 ಅಳತೆಗೆ ಕೊರೆದದ್ದು ಎಂದು ಭಾವಿಸೋಣ. ಈಗ ಅದು 0.15 ಮಿ.ಮೀ. ಸವೆದು 80.65 ತೋರುತ್ತಿದೆ. ಮುಂದಿನ ಅಳತೆ 80.75 ಆದ್ದರಿಂದ ಸಾಕೆನಿಸುತ್ತದೆ. ಆದರೆ ಸವೆತ ಎಲ್ಲ ಬದಿಗೂ ಸಮನಾಗಿರುವುದಿಲ್ಲ. ಪಿಸ್ಟನ್ ಒತ್ತುವ ಬದಿಯಲ್ಲಿ ಹೆಚ್ಚು. ಅಷ್ಟೂ ಸವೆತ ಒಂದೇ ಬದಿಯಲ್ಲಿದ್ದರೆ ಮೂಲ ಕೇಂದ್ರದಿಂದ ಆ ಬದಿಗೆ ದೂರ 40.40 ಮಿ.ಮೀ. 80.75 ಬೋರ್‌ನ ತ್ರಿಜ್ಯ 40.375 ಮಾತ್ರ. ಅಂದರೆ ಕೇಂದ್ರ ಬದಲಿಸದೆ ಕೊರೆದರೆ ಸವೆದ ಭಾಗ ಹಾಗೆಯೇ ಉಳಿಯುತ್ತದೆ, 1.00 ಅಳತೆಗೇ ಹೋಗಬೇಕಾಗುತ್ತದೆ. ಆ ಎಂಜಿನ್‌ಗೆ ತಯಾರಕರು ಅನುಮತಿಸುವ ಕೊನೆಯ ಅಳತೆ ಅದೇ ಆಗಿದ್ದರೆ ಮುಂದೆ ಸ್ಲೀವ್ ಹೊರತು ದಾರಿಯಿಲ್ಲ. ಇಂತಹ ಬ್ಲಾಕ್‌ಗೆ ಕೊನೆಯ ಬೋರ್‌ನ ಬೆಲೆ ಮಾತ್ರ ಕೊಡಬೇಕು.

ಹಣ ಕೊಡುವ ಮುನ್ನ

• ಬೇಕಾದ ಅಳತೆಯ ಪಿಸ್ಟನ್ ಮತ್ತು ರಿಂಗ್ ಸೆಟ್ ಮಾರುಕಟ್ಟೆಯಲ್ಲಿ ದೊರೆಯುವುದನ್ನು ಖಚಿತಪಡಿಸಿಕೊಳ್ಳಿ. ಪಿಸ್ಟನ್ ಕೈಗೆ ಬಂದ ನಂತರ ಅದರ ಅಳತೆಗೆ ತಕ್ಕಂತೆ ಬೋರ್ ಮಾಡಿಸುವುದು ಸೂಕ್ತ.

• ಬ್ಲಾಕ್‌ನ ಬೆಲೆ, ಪರೀಕ್ಷೆ, ಬೋರಿಂಗ್, ಹೋನಿಂಗ್, ಪಿಸ್ಟನ್ ಸೆಟ್, ಗ್ಯಾಸ್ಕೆಟ್ ಮತ್ತು ಸಾಗಾಣಿಕೆ ಎಲ್ಲವನ್ನೂ ಕೂಡಿ, ಹೊಸ ಬ್ಲಾಕ್ ಅಳವಡಿಸುವ ಒಟ್ಟು ವೆಚ್ಚದೊಂದಿಗೆ ಹೋಲಿಸಿ. ಮೂರನೇ ಎರಡು ಭಾಗ ಮೀರಿದರೆ ಹೊಸದೇ ಲೇಸು.

• ಅಳತೆ ತಪ್ಪಿದರೆ ಅಥವಾ ಬಿರುಕು ಕಂಡರೆ ಹಿಂದಿರುಗಿಸುವ ಷರತ್ತನ್ನು ರಸೀದಿಯಲ್ಲೇ ಬರೆಸಿಕೊಳ್ಳಿ.

• ಟ್ರಾಕ್ಟರ್‌ನ ಎಂಜಿನ್ ಸಂಖ್ಯೆ ಸಾಮಾನ್ಯವಾಗಿ ಬ್ಲಾಕ್ ಮೇಲೆಯೇ ಇರುತ್ತದೆ ಮತ್ತು ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಸಂಖ್ಯೆ ಉಜ್ಜಿ ಅಳಿಸಿದ ಬ್ಲಾಕ್ ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಬ್ಲಾಕ್ ಬದಲಾಯಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ; ಇಲ್ಲದಿದ್ದರೆ ವಿಮೆ ಹಾಗೂ ಮಾರಾಟದ ಸಮಯದಲ್ಲಿ ತೊಡಕಾಗುತ್ತದೆ.

ಒಟ್ಟಿನಲ್ಲಿ, ಬಿರುಕಿಲ್ಲದ, ಇನ್ನೊಂದು ಬೋರ್‌ಗಾದರೂ ಅವಕಾಶವಿರುವ, ಪಿಸ್ಟನ್ ದೊರೆಯುವ ಮತ್ತು ದಾಖಲೆ ಸರಿಯಿರುವ ಬ್ಲಾಕ್ ಕೊಳ್ಳಲು ಯೋಗ್ಯ. ಈ ನಾಲ್ಕರಲ್ಲಿ ಒಂದು ತಪ್ಪಿದರೂ, ಇಂದು ಉಳಿಸಿದ ಹಣಕ್ಕಿಂತ ಮುಂದಿನ ಹಂಗಾಮಿನಲ್ಲಿ ಕಳೆದುಕೊಳ್ಳುವುದೇ ಹೆಚ್ಚಾದೀತು.